ಕೊಪ್ಪರಿಗೆಯೊಳಗಿನ ಬಾಣಂತಿ

ಕೊಳ್ಳೇಗಾಲದ ಕಡೆ ಶೇಷಗಿರಿಯಪ್ಪನವರ ಮನೆತನವನ್ನು ಅರಿಯದವರಿಲ್ಲ. ಮೂರು ತಲೆಮಾರುಗಳಿಂದ ಆ ಮನೆಯವರ ಮಾತಿಗೆ ಎರಡಿಲ್ಲ, ನಡತೆಗೆ ಚುಕ್ಕೆಯಿಲ್ಲ. ಪೂಜ್ಯ ನಿರಂಜನಾ ಮಾತೆಯವರ ಪುಟ್ಟ ಆಶ್ರಮದಲ್ಲಿ ಆರಾಧನೆಯ ಅನ್ನ ಬೇಯುತ್ತಿದ್ದುದೂ ಆ ಮನೆತನ ಕೊಟ್ಟ ತಾಮ್ರದ ಕೊಪ್ಪರಿಗೆಯಲ್ಲೇ. ಅದರ ಅಂಚಿನಲ್ಲಿ ಶೇಷಗಿರಿಯಪ್ಪನವರ ಹೆಸರು ಕೆತ್ತಿತ್ತು. ಆರಾಧನೆಯ ಹಿಂದಿನ ದಿನ ಮನೆಯ ಹಿರಿಯ ಹೆಣ್ಣುಮಗಳೇ ಬಂದು ಅದನ್ನು ಹುಣಸೆಹಣ್ಣು ಹಾಕಿ ಬೆಳಗಬೇಕು. ಅದು ನಡೆದು ಬಂದ ಪದ್ಧತಿ.

ಆ ವರ್ಷ ಬಂದವರು ಮೊಮ್ಮಗಳು ವಿಮಲಾಂಬ. ಕಾನ್ವೆಂಟಿನಲ್ಲಿ ಓದಿದವರು, ಸೀರೆಯ ನೆರಿಗೆ ಆಚೀಚೆ ಆಗಬಾರದು, ಉಗುರಿನ ಸಂದಿಯಲ್ಲಿ ಕೊಳೆ ಕಾಣಬಾರದು. ಉಗ್ರಾಣದ ಮೂಲೆಯಲ್ಲಿದ್ದ ಕೊಪ್ಪರಿಗೆಯೊಳಗೆ ಇಣುಕಿದರೆ, ಹಳೆಯ ಗೋಣಿತಾಟಿನ ಮೇಲೆ ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿಗಳು! ತಾಯಿಬೆಕ್ಕು ಬುಸ್ಸೆಂದು ಹಾರಿ ಕಿಟಕಿಯಿಂದಾಚೆ ಓಡಿತು.

“ಚರಂಡಿಯಲ್ಲಿದ್ದವು ಅಮ್ಮಾವ್ರೇ, ಮಾತಾಜಿಯವರೇ ಎತ್ತಿ ತಂದರು. ತಾಯಿ ಯಾರ ಕೈಗೂ ಸಿಗೋದಿಲ್ಲ; ಮರಿಗಳ ಹಿಂದೆ ತಾನೇ ಬಂತು,” ಎಂದರು ಅಡುಗೆಯ ನಾಗಪ್ಪಯ್ಯ.

“ಚರಂಡಿಯಿಂದ ನೇರ ನಮ್ಮ ತಾತನ ಕೊಪ್ಪರಿಗೆಗೇ?”

ಗೋಣಿತಾಟು ತಿಪ್ಪೆಗೆ ಹೋಯಿತು. ಆದರೆ ವಿಮಲಾಂಬ ಕಟುಕರಲ್ಲ. ಮರಿಗಳನ್ನು ಬಿಸಿನೀರಿನಲ್ಲಿ ಮನೆಯಿಂದ ತಂದಿದ್ದ ಗಂಧದ ಸೋಪು ಹಚ್ಚಿ ತೊಳೆದು, ಒರೆಸಿ, ಹೊಸ ಬುಟ್ಟಿಯಲ್ಲಿ ಮಲಗಿಸಿದರು. ಇನ್ನು ತಾಯಿ ಬಂದು ಕರೆದುಕೊಂಡು ಹೋಗಲಿ ಎಂದುಕೊಂಡರು.

ತಾಯಿ ಬಂತು. ಮೂಸಿತು. ಕೂದಲು ನಿಮಿರಿಸಿ ಹಿಂದೆ ಸರಿಯಿತು. ಬುಟ್ಟಿಯ ಸುತ್ತ ಅಳುತ್ತ ತಿರುಗಿ, ಮತ್ತೆ ಮೂಸಿ, ಕಿಟಕಿ ಹಾರಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮರಿಗಳ ಕೂಗು ಅಡಗುತ್ತ ಬಂತು. ಬತ್ತಿಯಲ್ಲಿ ಹಾಲು ಹನಿಸಿದರೆ ಕಟವಾಯಿಯಿಂದ ಸುರಿದುಹೋಗುತ್ತಿತ್ತು. ಒಂದು ಮರಿ ವಿಮಲಾಂಬ ಅವರ ಅಂಗೈಯಲ್ಲೇ ತಣ್ಣಗಾಗತೊಡಗಿತು.

“ಇಷ್ಟು ಚೊಕ್ಕಟ ಮಾಡಿದ್ದೇನಲ್ಲ, ಆ ತಾಯಿಗೇನು ಧಾಡಿ?” ಎಂದರು. ಮರಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡರು.

ಮಾತೆಯವರು ತುಳಸಿಗೆ ನೀರೆರೆದು ಅಲ್ಲಿಗೆ ಬಂದರು. ಮರಿಯನ್ನು ಮುಖದ ಬಳಿಗೆ ತಂದು ಮೂಸಿದರು. ಗದರಲಿಲ್ಲ.

“ಇದರ ಮೈಯಲ್ಲಿ ನಿಮ್ಮ ಮನೆಯ ವಾಸನೆಯಿದೆ. ತಾಯಿಯದಿಲ್ಲ. ತೊಳೆದವರು ನೀವು; ನೀವೇ ಮರಳಿಸಿ.”

ಅಷ್ಟೇ ಹೇಳಿ, ತಿಪ್ಪೆಯ ಕಡೆಗೊಮ್ಮೆ ನೋಡಿ, ಜಪಕ್ಕೆ ಕುಳಿತರು.

ನಾಗಪ್ಪಯ್ಯ ಮುಂದೆ ಬಂದರೂ ವಿಮಲಾಂಬ ತಡೆದರು. ಸೆರಗು ಸಿಕ್ಕಿಸಿ ತಾವೇ ತಿಪ್ಪೆಗಿಳಿದರು. ಬೂದಿ, ಎಂಜಲೆಲೆಗಳನ್ನು ಬರಿಗೈಯಲ್ಲಿ ಸರಿಸಿ ಗೋಣಿತಾಟನ್ನು ಹೊರಗೆಳೆದರು. ಒದರಿ ತಂದು ಮರಿಗಳ ಮೈಯನ್ನೆಲ್ಲ ಅದರಲ್ಲೇ ಉಜ್ಜಿ, ಕೊಪ್ಪರಿಗೆಯೊಳಗೆ ಹಾಸಿ ಮಲಗಿಸಿ, ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತರು.

ಬೆಕ್ಕು ಬಂತು. ಕೆತ್ತಿದ ಹೆಸರಿನ ಮೇಲೆಯೇ ಕಾಲಿಟ್ಟು ಒಳಗಿಳಿಯಿತು. ಬಹಳ ಹೊತ್ತು ಮೂಸಿತು. ಆಮೇಲೆ ನೆಕ್ಕತೊಡಗಿತು, ಮೈಚಾಚಿತು. ತಣ್ಣಗಾಗಿದ್ದ ಮರಿಯೂ ತಡಕಾಡಿ ಮೊಲೆ ಹಿಡಿಯಿತು.

ವಿಮಲಾಂಬ ಮಾತೆಯವರ ಪಾದದ ಬಳಿ ಕುಸಿದು ಕುಳಿತರು. “ಮಾತಾಜಿ, ನಾಳೆಯ ಅನ್ನ?”

“ಚಿಕ್ಕ ತಪ್ಪಲೆಗಳಿವೆ,” ಎಂದು ಮಾತೆಯವರು ನಕ್ಕರು.

ಸಂಜೆ ಬಂದ ವಿಮಲಾಂಬ ಅವರ ತಮ್ಮ ಶ್ರೀಕಂಠಯ್ಯನವರು ಉಗ್ರಾಣದೊಳಗೆ ಇಣುಕಿ ಕೆಂಡವಾದರು. “ಏನಕ್ಕ ಇದು! ತಾತನ ಕೊಪ್ಪರಿಗೆಯಲ್ಲಿ ಬೀದಿಬೆಕ್ಕಾ? ಎತ್ತಿ ಬಿಸಾಕಿಸು ಆಚೆಗೆ!” ಎನ್ನುತ್ತ ಊರುಗೋಲಿನಿಂದ ಕೊಪ್ಪರಿಗೆಯನ್ನು ಠಣ್ಣೆಂದು ಕುಟ್ಟಿದರು.

ಬೂದಿ ಮೆತ್ತಿದ ಸೀರೆಯಲ್ಲೇ ವಿಮಲಾಂಬ ಅಡ್ಡ ಬಂದು ನಿಂತರು.

“ಮೆತ್ತಗೆ ಮಾತಾಡು. ಒಳಗೆ ಬಾಣಂತಿ ಮಲಗಿದ್ದಾಳೆ. ಅವಳ ಹತ್ತಿರ ಕ್ಷಮೆ ಕೇಳು.”

“ಬೆಕ್ಕಿನ ಹತ್ತಿರವಾ?”

“ಕೇಳು.”