ಬಾಗಿಲಿಲ್ಲದ ಬಿಲ

ಒಂದು ಕಾಡಿನಲ್ಲಿ ಪ್ರಾಣಿಗಳಿಗೆ ಮನೆ ಮಾಡಿಕೊಡುವ ತಂಡವೊಂದಿತ್ತು. ಹೆಗ್ಗಣ ಬಿಲ ತೋಡುತ್ತಿತ್ತು. ಗೀಜಗ ಹುಲ್ಲಿನ ಹಾಸಿಗೆ ಹೆಣೆಯುತ್ತಿತ್ತು. ಮುಳ್ಳುಹಂದಿ ಮುಳ್ಳಿನ ಬಾಗಿಲು ಕಟ್ಟುತ್ತಿತ್ತು. ಮೂರೂ ಬೇರೆ ಬೇರೆ ಕಡೆ ಇದ್ದುಕೊಂಡು ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ಯಾರ ಮನೆಯ ಕೆಲಸ ಮೊದಲು, ಯಾರದ್ದು ಆಮೇಲೆ ಎಂದು ಅವಕ್ಕೆ ಹೇಳುವುದು ನರಿಯ ಜವಾಬ್ದಾರಿ.

ಆ ವರ್ಷ ಕಾಡಿಗೆ ಕಾಡುಬೆಕ್ಕೊಂದು ಬಂದು ಸೇರಿಕೊಂಡಿತು. ಮೊಲ, ಮುಂಗುಸಿ, ಉಡ ಮೂರೂ ಹೆದರಿ ನರಿಯ ಬಳಿಗೆ ಓಡಿಬಂದವು.

"ನರಿಯಣ್ಣ, ನಾನು ತುಂಬಿದ ಬಸುರಿ. ಮರಿ ಹಾಕುವಷ್ಟರಲ್ಲಿ ನನಗೊಂದು ಮನೆ ಬೇಕು," ಎಂದಿತು ಮೊಲ.

ಮುಂಗುಸಿ ಜೇನುಹುಟ್ಟು ತಂದಿತ್ತು. ಉಡ ಮೊಟ್ಟೆ ತಂದಿತ್ತು. ನರಿಗೆ ಅವೂ ಬೇಕು, ಎಲ್ಲರಿಂದ ಶಹಭಾಸ್‌ಗಿರಿಯೂ ಬೇಕು. ಅದು ಒಂದು ಉಪಾಯ ಹೂಡಿತು. "ಮೊಲಕ್ಕೆ ಬಿಲ ತೋಡು," ಎಂದು ಹೆಗ್ಗಣಕ್ಕೆ ಹೇಳಿತು. "ಮುಂಗುಸಿಗೆ ಹಾಸಿಗೆ ಹೆಣೆ," ಎಂದು ಗೀಜಗಕ್ಕೆ ಹೇಳಿತು. "ಉಡಕ್ಕೆ ಬಾಗಿಲು ಕಟ್ಟು," ಎಂದು ಮುಳ್ಳುಹಂದಿಗೆ ಹೇಳಿತು. ಆಮೇಲೆ ಮೂವರು ಗಿರಾಕಿಗಳ ಕಿವಿಯಲ್ಲೂ ಒಂದೇ ಮಾತು ಊದಿತು: "ಎಲ್ಲರಿಗಿಂತ ಮೊದಲು ನಿಂದೇ ಶುರು ಮಾಡಿಸಿದ್ದೀನಿ, ನೋಡು!"

ಎಲ್ಲರೂ ಹಿಗ್ಗಿದರು. ನರಿ ಜೇನು ನೆಕ್ಕುತ್ತಾ ಕಾಲು ಚಾಚಿ ಮಲಗಿತು.

ಬಿಲವೇನೋ ಮುಗಿಯಿತು, ಆದರೆ ಹಾಸಿಗೆಯೂ ಬರಲಿಲ್ಲ, ಬಾಗಿಲೂ ಬರಲಿಲ್ಲ. ಮೊಲ ಬರಿಯ ಬಿಲದಲ್ಲೇ ಎರಡು ಮರಿ ಹಾಕಿತು. ಅದು ಮೇವಿಗೆ ಹೋಗಿದ್ದಾಗ ಕಾಡುಬೆಕ್ಕು ಬಂದು ಒಂದು ಮರಿಯನ್ನು ಕಚ್ಚಿಕೊಂಡು ಹೋಯಿತು.

ಸುದ್ದಿ ಕೇಳಿ ಎಲ್ಲರೂ ಬಿಲದ ಮುಂದೆ ಸೇರಿದರು. ನರಿಯೂ ಬಂದಿತು.

"ಬಾಗಿಲು ಯಾಕೆ ಹಾಕಿರಲಿಲ್ಲ?" ಎಂದು ಹೆಗ್ಗಣ ಕೇಳಿತು.

"ನಾನು ಉಡಕ್ಕೆ ಕಟ್ಟುತ್ತಿದ್ದೆ. ಆಗಲೇ ಮುಗಿದಿದೆ," ಎಂದಿತು ಮುಳ್ಳುಹಂದಿ.

"ನನಗೆ ಬಿಲವೇ ಇಲ್ಲವಲ್ಲಪ್ಪ! ಬಾಗಿಲು ಮರಕ್ಕೆ ಒರಗಿ ಸುಮ್ಮನೆ ನಿಂತಿದೆ," ಎಂದಿತು ಉಡ.

ಮೊಲ ಮೆಲ್ಲಗೆ ತಲೆ ಎತ್ತಿತು. "ಹಾಗಾದರೆ ಬಾಗಿಲು ಇತ್ತಾ, ನರಿಯಣ್ಣ?"

ನರಿಗೆ ಏನಾದರೂ ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ. "ಇತ್ತು," ಎಂದಿತು. "ಎಲ್ಲರನ್ನೂ ಮೆಚ್ಚಿಸಲು ಹೋಗಿ ಯಾರದ್ದೂ ಪೂರ್ತಿಯಾಗದ ಹಾಗೆ ಮಾಡಿದೆ. ತಪ್ಪು ನನ್ನದೇ." ನಾಚಿಕೆಯಿಂದ ಅದರ ಬಾಲ ನೆಲಕ್ಕೆ ಅಂಟಿತು.

"ಇನ್ನು ಮುಂದೆ ಯಾರದ್ದು ಮೊದಲು ಎಂದು ನೀನು ಹೇಳಬೇಡ. ನಾವೇ ಕೂತು ಮಾತಾಡಿಕೊಳ್ಳುತ್ತೇವೆ," ಎಂದಿತು ಮುಳ್ಳುಹಂದಿ. ಯಾರೂ ಬೇಡವೆನ್ನಲಿಲ್ಲ.

ಯಾರಾದರೂ ಹೇಳಲಿ ಎಂದು ನರಿ ಕಾಯಲಿಲ್ಲ. ಉಡವನ್ನು ಕೇಳಿಕೊಂಡು ಆ ಬಾಗಿಲನ್ನು ತಾನೇ ಎಳೆದು ತಂದಿತು. ಮುಳ್ಳು ಚುಚ್ಚಿ ಬಾಯಲ್ಲಿ ರಕ್ತ ಬಂತು. ಬಿಲಕ್ಕೆ ಬಾಗಿಲು ಕೂರಿಸಿ ಪಕ್ಕದಲ್ಲಿ ನಿಂತಿತು. ಮೊಲ ಬೈಯಲಿ, ಶಪಿಸಲಿ ಎಂದು ಕಾದಿತು.

ಮೊಲ ಉಳಿದ ಮರಿಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಿತು. ನರಿ ತುಂಬಾ ಹೊತ್ತು ತಲೆ ತಗ್ಗಿಸಿಕೊಂಡು ಅಲ್ಲೇ ನಿಂತಿತ್ತು.

ನೀತಿ: ಹಲವರು ಸೇರಿ ಮಾಡುವ ಕೆಲಸದಲ್ಲಿ ಎಲ್ಲರಿಗೂ ಅರ್ಧಂಬರ್ಧ ಮಾಡಿಕೊಟ್ಟು ಮೆಚ್ಚಿಸಬಾರದು, ತೀರಾ ಅಗತ್ಯವಿರುವವರದ್ದನ್ನು ಮೊದಲು ಪೂರ್ತಿ ಮುಗಿಸಬೇಕು.