ಫಕೀರವ್ವನ ಕೋಣೆಗಳಿಗೆ ಲೈಸೆನ್ಸು

ಇದು ನಡೆದದ್ದು ಹೋದ ವರ್ಷ, ಉಗಾದಿ ಕಳೆದ ವಾರದಲ್ಲಿ. ಕೆಂಗಲ್ಲೂರಿನ ಗುಹೆ ನೋಡಲು ಬರುವವರಿಗೆ ಫಕೀರವ್ವ ಮನೆಯ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ಅದೇ ಅವಳ ಅನ್ನ. ಈಗ ಪಂಚಾಯ್ತಿಯ ಹೊಸ ನಿಯಮ ಬಂದಿತ್ತು: ಲೈಸೆನ್ಸು ಇಲ್ಲದಿದ್ದರೆ ಕೋಣೆಗೆ ಬೀಗ. ಅರ್ಜಿ ಹಾಕಿದ್ದಳು, ತಪಾಸಣೆ ಬಾಕಿ. ಅದಕ್ಕಿಂತ ದೊಡ್ಡ ಚಿಂತೆ ಮಗ ಚಂದ್ರಾಮ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ.

“ಸಂತಿಗೆ ಹೊಂಟೀನಿ. ಲೈಸೆನ್ಸ್ ಬರೋತನಕ ಯಾರು ಬಂದ್ರೂ ಒಳಗ ಬಿಡಬ್ಯಾಡ!”

“ಆತು ಯವ್ವಾ!”

ಸಂತೆಯಿಂದ ಬಂದಳು. ಬಾಗಿಲಿಗೆ ಅಗಳಿ.

“ತೆಗಿಯೋ ಚಂದ್ರಾಮಾ!”

“ಲೈಸೆನ್ಸ್ ಬಂತೇನು?”

“ನಾನೋ, ನಿಮ್ಮವ್ವ!”

“ಯಾರು ಬಂದ್ರೂ ಅಂದಿದ್ಯಲ್ಲ!”

ಹಿತ್ತಿಲ ಗೋಡೆ ಹಾರಿ ಬಂದು ಬೈದಳು. “ಖೋಡಿ! ಗುರುತಿನ ಕಾರ್ಡ್ ಐತೇನು ನೋಡು. ಇದ್ದವರನ್ನ ಒಳಗ ಬಿಡು!”

“ಆತು ಯವ್ವಾ!”

ಮರುದಿನ ನೀರು ಹೊತ್ತು ತಂದು ನೋಡುತ್ತಾಳೆ, ಅತಿಥಿಗಳ ಕೋಣೆಯಲ್ಲಿ ಪಕ್ಕದ ಮನೆಯ ಎಮ್ಮೆ!

“ಇದನ್ಯಾಕ ಬಿಟ್ಟ್ಯೋ?”

“ಕಿವಿಯಾಗ ಹಳದಿ ಕಾರ್ಡ್ ಐತಿ ನೋಡು! ಹನ್ನೆರಡು ಅಂಕಿ, ನಿನ್ನ ಕಾರ್ಡಿನಷ್ಟೇ!”

“ಅಯ್ಯ ನನ್ನ ಕರ್ಮ! ನಾಕು ಕಾಲು ಕಂಡ್ರ ಹಗ್ಗ ಹಾಕಿ ಬೇವಿನ ಮರಕ್ಕ ಕಟ್ಟೋ!”

“ಆತು ಯವ್ವಾ!”

ಅದರ ಮರುದಿನ ತಪಾಸಣೆಗೆ ಅಧಿಕಾರಿ ಬಂದರು, ಜೊತೆಗೊಬ್ಬ ಗುಮಾಸ್ತ. ಚಂದ್ರಾಮ ಕಾಲು ಎಣಿಸಿದ. ಇವರವು ಎರಡು, ಅವರವು ಎರಡು. ಫಕೀರವ್ವ ಹಿತ್ತಿಲಿಂದ ಓಡಿ ಬರುವಷ್ಟರಲ್ಲಿ ಇಬ್ಬರೂ ಬೇವಿನ ಮರಕ್ಕೆ ಒರಗಿ ನಿಂತಿದ್ದರು, ಸುತ್ತ ಹಗ್ಗ. ಕೋಣೆಗೆ ಬೀಗ ಬಿತ್ತೆಂದುಕೊಂಡಳು!

“ತಪ್ಪಾತ್ರೀ ಸಾಹೇಬ್ರ! ಬಿಚ್ಚತೀನ್ರೀ!”

ಅಧಿಕಾರಿ ಅಂಗಿ ಕೊಡವಿಕೊಂಡರು. “ಊರೆಲ್ಲ ನೋಡಿ ಬಂದೆನಮ್ಮ. ಕೋಣೆ ಕೊಡೋ ಕಡೆ ಮನೆಯವರೇ ಇರಲ್ಲ. ಯಾರು ಹೊಕ್ಕರು, ಯಾರು ಹೊರಟರು, ಕೇಳೋರಿಲ್ಲ. ನಿಯಮ ಮಾಡಿದ್ದೇ ಅದಕ್ಕೆ. ನಿಮ್ಮಲ್ಲಿ ಕೇಳೋರು ಸ್ವಲ್ಪ ಜಾಸ್ತಿಯೇ ಇದ್ದಾರೆ!”

ಗುಮಾಸ್ತ ನಕ್ಕ. ಅಧಿಕಾರಿಯೂ ನಕ್ಕರು. ಕೋಣೆ, ಕಿಟಕಿ, ನೀರು ನೋಡಿದರು. ಸಹಿ ಹಾಕಿದರು.

ಫಕೀರವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಮಗನನ್ನು ಬೈಯಲೂ ಮನಸ್ಸು ಬರಲಿಲ್ಲ.

“ತಗೋ ಲೈಸೆನ್ಸ್. ಊರಿಗೆ ಬರೋರಿಗೆ ಎಲ್ಲಕ್ಕೂ ಮೊದಲು ಕಾಣೋ ಜಾಗಾದಾಗ ಅಂಟಿಸು, ನನ್ನಪ್ಪಾ!”

“ಆತು ಯವ್ವಾ!”

ಊರಿಗೆ ಬರುವವರಿಗೆ ಎಲ್ಲಕ್ಕೂ ಮೊದಲು ಕಾಣುವುದು ಬಸ್ಸು. ಚಂದ್ರಾಮ ಅದರೊಳಗೆ, ಡ್ರೈವರನ ಬೆನ್ನ ಹಿಂದೆ, ನಾಲ್ಕೂ ಮೂಲೆಗೆ ಅಂಟು ಬಳಿದು ಅಂಟಿಸಿದ. ಬಸ್ಸು ಹೊರಟಿತು. ಸಂಜೆ ತುಂಬಿಕೊಂಡು ಮರಳಿತು. ಜನ ಓದಿದರು: ‘ಇಲ್ಲಿ ಅತಿಥಿಗಳು ತಂಗಲು ಅನುಮತಿ ಇದೆ.’ ಯಾರೂ ಇಳಿಯಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಮಲಗಿದವರು ಹತ್ತೊಂಬತ್ತು ಮಂದಿ.