ಕಂಚುಗಾರನ ಮಗಳು ಮುಖ ತೊಳೆದದ್ದು

"ಗುರುಗಳೇ, ದಿನಕ್ಕೆ ಹತ್ತು ಸಲ ನನ್ನ ಮನಸ್ಸನ್ನು ಇಣುಕಿ ನೋಡಿಕೊಳ್ಳುತ್ತೇನೆ. ಕಂಡ ಕೊಳೆಯನ್ನೆಲ್ಲ ಅಲ್ಲೇ ಉಜ್ಜಿ ತೆಗೆಯುತ್ತೇನೆ. ಆದರೂ ನೆಮ್ಮದಿ ಇಲ್ಲ. ಇನ್ನೂ ಎಷ್ಟು ಉಜ್ಜಬೇಕು?" ಎಂದು ಶಿಷ್ಯ ಕೇಳಿದ. ಅಷ್ಟು ಕೇಳುವುದರೊಳಗೆ ಎರಡು ಸಲ ಎದ್ದು ಕೂತಿದ್ದ.

ಗುರು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದೂರಿನ ಕಂಚುಗಾರರ ಕೇರಿಯಲ್ಲಿ ಒಬ್ಬ ಕಂಚುಗಾರನಿದ್ದ. ಅವನಿಗೆ ಒಬ್ಬಳೇ ಮಗಳು. ಅಪ್ಪ ಬಡಿದು ಕೊಟ್ಟ ಪಾತ್ರೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಹೊಳಪು ಬರಿಸುವುದು ಅವಳ ಕೆಲಸ. ಅವಳು ತಿಕ್ಕಿದ ಚೊಂಬಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಡಬಹುದು ಎಂದು ಗಿರಾಕಿಗಳು ಹೇಳುತ್ತಿದ್ದರು.

ಹದಿನೆಂಟು ತುಂಬುವ ಹೊತ್ತಿಗೆ ಅವಳ ಮುಖದ ತುಂಬ ಮೊಡವೆ ಎದ್ದವು. ಬೇರೆ ಹುಡುಗಿಯಾಗಿದ್ದರೆ ದಿನಕ್ಕೊಂದೆರಡು ಸಲ ಕನ್ನಡಿ ನೋಡಿ ಸುಮ್ಮನಾಗುತ್ತಿದ್ದಳೋ ಏನೋ. ಇವಳಿಗೆ ಮನೆಯ ಪಾತ್ರೆಯೆಲ್ಲ ಕನ್ನಡಿ. ಕೆಲಸ ಚೆನ್ನಾಗಿ ಆದಷ್ಟೂ ಮೊಡವೆ ಚೆನ್ನಾಗಿ ಕಾಣುತ್ತಿತ್ತು. ಬೋಗುಣಿಯೊಳಗೆ ಇಣುಕಿದರಂತೂ ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗುತ್ತಿತ್ತು. ಒಂದು ದಿನ ಕಡಲೆಹಿಟ್ಟು, ಮರುದಿನ ನಿಂಬೆರಸ, ಅದರಾಚೆ ಪೇಟೆಯ ಗುಲಾಬಿ ಬಣ್ಣದ ಸೋಪು. ಎರಡು ದಿನದಲ್ಲಿ ಗುಣ ಕಾಣದ್ದನ್ನು ಮೂರನೆಯ ದಿನ ಎಸೆಯುತ್ತಿದ್ದಳು.

ಆಗಲೇ ಅಪ್ಪನ ಕಣ್ಣು ಮಂಜಾಗತೊಡಗಿತು. ಅವನು ಮಗಳನ್ನು ಕರೆದು ಹೇಳಿದ: "ಬರುವ ಹುಣ್ಣಿಮೆಯಿಂದ ಅಂಗಡಿಯ ಮುಂದೆ ನೀನು ಕೂರಬೇಕು. ಆಗುವುದಿಲ್ಲ ಅಂದರೆ ನಿನ್ನ ದೊಡ್ಡಪ್ಪನ ಮಗನಿಗೆ ಬಿಟ್ಟುಕೊಡುತ್ತೇನೆ."

ಅಂಗಡಿ ಅವಳ ಪ್ರಾಣ. ಆದರೆ ಈ ಮುಖ ಹೊತ್ತು ಹತ್ತು ಜನರ ಮುಂದೆ ಕೂರುವುದು ಹೇಗೆ? ದೊಡ್ಡಪ್ಪನ ಮಗನಂತೂ ನಕ್ಕೇಬಿಟ್ಟ. "ಕೂರು ತಾಯಿ, ಕೂರು. ಕೆನ್ನೆ ನೋಡಿದರೆ ಸುತ್ತಿಗೆ ಪೆಟ್ಟು ಬಿದ್ದ ತಾಮ್ರದ ಕೊಡದ ಹಾಗಿದೆ. ಬೇರೆ ಬೋರ್ಡೇ ಬೇಡ ಅಂಗಡಿಗೆ."

ಅವಳು ಮದ್ದು ಕೊಡುವ ಅಜ್ಜಿಯೊಬ್ಬಳ ಬಳಿಗೆ ಓಡಿದಳು. ಅಜ್ಜಿ ಡಬ್ಬಿಯಿಂದ ಒಂದು ಬೊಗಸೆ ಹೆಸರುಹಿಟ್ಟು ಕೊಟ್ಟು, "ದಿನಕ್ಕೆ ಎರಡು ಸಲ ತೊಳೆದುಕೋ" ಅಂದಳು.

"ಇಷ್ಟೇನಾ?"

"ಇಷ್ಟೇ. ದುಬಾರಿ ಮದ್ದು ಬೇಕಿದ್ದರೆ ಪೇಟೆಗೆ ಹೋಗು."

ವಾರ ಕಳೆಯುವುದರೊಳಗೆ ಹುಡುಗಿ ಮತ್ತೆ ಬಂದಳು. ಮುಖ ಕೆಂಡದಂತೆ ಕೆಂಪಾಗಿ, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು.

"ಹುಣ್ಣಿಮೆಗೆ ಹನ್ನೆರಡು ದಿನ ಇದೆ ಅಜ್ಜಿ. ನಿನ್ನ ಹಿಟ್ಟು ನನ್ನ ಮುಖ ಸುಟ್ಟಿತು."

"ಹೆಸರುಹಿಟ್ಟು ಸುಡುವುದಿಲ್ಲ ಮಗಾ. ಎಷ್ಟು ಸಲ ತೊಳೆದೆ?"

"ಹತ್ತು. ಎರಡು ಸಲಕ್ಕೆ ಮೊಡವೆ ಹೋಗಲಿಲ್ಲ, ಅದಕ್ಕೇ."

"ಹೇಗೆ ತೊಳೆದೆ, ತೋರಿಸು."

ಹುಡುಗಿ ಮುಖ ಒದ್ದೆ ಮಾಡಿಕೊಂಡಳು. ತುಟಿ ಕಚ್ಚಿ, ಅಂಗೈಯ ಬುಡವನ್ನು ಕೆನ್ನೆಗೆ ಒತ್ತಿ, ಕರಿ ಹಿಡಿದ ಹಂಡೆಯ ಮೇಲೆ ತಿರುಗಿಸುವಂತೆ ಗರಗರ ತಿರುಗಿಸಿದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದೆಳೆದಳು.

"ಏ, ನಿಲ್ಲೇ! ತೊಳೆ ಅಂದರೆ ತಿಕ್ಕುತ್ತೀಯಲ್ಲೇ!"

"ತೊಳೆಯುವುದು ಅಂದರೆ ತಿಕ್ಕುವುದೇ ಅಲ್ಲವಾ?"

ಅವಳು ತಮಾಷೆಗೆ ಕೇಳಲಿಲ್ಲ. ಅವಳ ಕೇರಿಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ.

ಅಜ್ಜಿ ನಗಲಿಲ್ಲ. "ಚೊಂಬಿಗೆ ಜೀವ ಇಲ್ಲ. ನೀನು ಕೈಬಿಟ್ಟರೆ ಅದು ಕಪ್ಪಾಗುತ್ತದೆ. ಇದು ಜೀವ ಇರುವ ಚರ್ಮ. ನೀನು ಕೈಬಿಟ್ಟರೆ ತಾನೇ ಬೆಳೆಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೆರಳ ತುದಿ ಸಾಕು, ಮಿಕ್ಕದ್ದನ್ನು ನೀರು ನೋಡಿಕೊಳ್ಳುತ್ತದೆ. ಹಳೆಯ ಪಂಚೆಯ ತುಂಡು ಒತ್ತಿಕೋ, ಒರೆಸಬೇಡ. ಹೊಸ ಚರ್ಮ ಬರುವುದಕ್ಕೆ ತಿಂಗಳಾದರೂ ಬೇಕು."

"ನನಗಿರುವುದು ಹನ್ನೆರಡೇ ದಿನ!"

"ಹಾಗಾದರೆ ಹನ್ನೆರಡು ದಿನದ ಮುಖ ಇಟ್ಟುಕೊಂಡೇ ಕೂರು."

ಆ ಹನ್ನೆರಡು ದಿನ ಅವಳಿಗೆ ಸುಲಭವಾಗಿರಲಿಲ್ಲ. ಮುಖ ತೊಳೆಯುವುದು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಕೈಯನ್ನು ಏನು ಮಾಡುವುದು? ಕೈ ತಾನಾಗಿ ಕೆನ್ನೆಗೆ ಏರುತ್ತಿತ್ತು. ಅವಳು ಅದನ್ನು ತೊಡೆಯ ಕೆಳಗೆ ಅದುಮಿ ಕೂರುತ್ತಿದ್ದಳು. ತಿಕ್ಕಿದ ಪಾತ್ರೆಗಳ ಮೇಲೆ ಗೋಣಿ ಹೊದಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಎತ್ತಿ ಇಣುಕುತ್ತಿದ್ದಳು. ಒಂಬತ್ತನೆಯ ದಿನ ಗಲ್ಲದ ಮೇಲೆ ಹೊಸದೊಂದು ಎದ್ದಿತು. ಇದೊಂದೇ ಸಲ ಎಂದುಕೊಂಡು ನಿಂಬೆಹಣ್ಣು ಕೊಯ್ದಳು. ಹೋಳು ಕೈಯಲ್ಲಿ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದಳು. ಕಡೆಗೆ ಅದನ್ನು ಒಂದು ಚೊಂಬಿಗೆ ತಿಕ್ಕಿ ಮುಗಿಸಿದಳು.

ಹುಣ್ಣಿಮೆ ಬಂತು. ಉರಿ ಇಳಿದಿತ್ತು, ಸಿಪ್ಪೆ ನಿಂತಿತ್ತು. ಮೊಡವೆ ಇನ್ನೂ ಇದ್ದವು. ದೊಡ್ಡಪ್ಪನ ಮಗ ಬೆಳಿಗ್ಗೆಯೇ ಬಂದು ಅಂಗಡಿಯ ಕಂಬಕ್ಕೆ ಒರಗಿ ನಿಂತ. ಅವಳು ತಲೆ ತಗ್ಗಿಸಿಕೊಂಡೇ ಬಂದು ಕೂತಳು.

ಮೊದಲು ಬಂದ ಹೆಂಗಸು ಒಂದು ಹಂಡೆಯನ್ನು ಬೆರಳಿನಿಂದ ತಟ್ಟಿ, "ಏನಮ್ಮ, ತಗಡಿನ ಹಾಗಿದೆ. ತೂಕವೇ ಇಲ್ಲವಲ್ಲ" ಅಂದಳು.

ಅಪ್ಪ ಬಡಿದ ಹಂಡೆಗೆ ತಗಡು ಎನ್ನುವುದೇ! ಹುಡುಗಿ ಥಟ್ಟನೆ ತಲೆ ಎತ್ತಿದಳು. "ಎತ್ತಿ ನೋಡಿ ತಾಯಿ. ಆಮೇಲೆ ಸೊಂಟ ಹಿಡಿಯಿತು ಅಂತ ನಮ್ಮ ಅಂಗಡಿಗೆ ಬರಬೇಡಿ."

ಹೆಂಗಸು ಎತ್ತಿದಳು, ಏದುಸಿರು ಬಿಟ್ಟಳು, ನಕ್ಕಳು, ಕೊಂಡಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ದೊಡ್ಡಪ್ಪನ ಮಗ ಯಾವಾಗ ಹೊರಟುಹೋದನೋ ಅವಳಿಗೆ ತಿಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಪ್ಪ ತಡವರಿಸುತ್ತ ಬಂದು, "ಹೇಗಾಯಿತು ಮಗಳೇ?" ಎಂದು ಕೇಳಿದ.

"ಹಂಡೆಯೆಲ್ಲ ಮುಗಿದವು ಅಪ್ಪ. ನಾಳೆ ಇನ್ನೆರಡು ಬೇಕು" ಅಂದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದ. ಅವನಿಗೆ ತಡೆಯಲಾಗಲಿಲ್ಲ.

"ಮುಖ ಏನಾಯಿತು ಗುರುಗಳೇ? ಮೊಡವೆ ಹೋದವೇ?"

"ಅವಳೇ ನೋಡಿಕೊಳ್ಳಲು ಮರೆತದ್ದನ್ನು ನೀನು ಕೇಳುತ್ತಿದ್ದೀಯಲ್ಲ" ಎಂದರು ಗುರು.